ಭೂಪಟ ಹಿಡಿದು ನೋಡಿ: ಎರಡು ಯುದ್ಧ ಧಾರಾವಾಹಿಗಳನ್ನು ಹೋಲಿಸುವ ಬಗೆ

‘ಬ್ಯಾಂಡ್ ಆಫ್ ಬ್ರದರ್ಸ್’ ನೋಡಿ ಮನಸೋತವರು ‘ದಿ ಪೆಸಿಫಿಕ್’ ಆರಂಭಿಸಿ ಮೂರನೆಯ ಕಂತಿಗೆ ಬರುವಷ್ಟರಲ್ಲಿ ಬೇಸರಪಟ್ಟು ಬಿಟ್ಟದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಪಾತ್ರಗಳು ಮನಸ್ಸಿನಲ್ಲಿ ಉಳಿಯುವುದಿಲ್ಲ, ಕಥೆ ಚದುರಿದೆ ಎಂಬುದು ಅವರ ದೂರು. ಎರಡರ ಹಿಂದೆಯೂ ಇರುವವರು ಟಾಮ್ ಹ್ಯಾಂಕ್ಸ್ ಮತ್ತು ಸ್ಟೀವನ್ ಸ್ಪೀಲ್‌ಬರ್ಗ್, ವಾಹಿನಿ ಎಚ್‌ಬಿಒ, ಕಂತುಗಳು ಹತ್ತು ಹತ್ತು. ಎರಡೂ ಎರಡನೆಯ ಮಹಾಯುದ್ಧದಲ್ಲಿ ಕಾದಿದ ಅಮೆರಿಕದ ಸೈನಿಕರ ಕಥೆಗಳೇ. ಮೊದಲನೆಯದು 2001ರದು, ಯುರೋಪಿನ ರಂಗದ್ದು; ಎರಡನೆಯದು 2010ರದು, ಪೆಸಿಫಿಕ್ ಸಾಗರದಲ್ಲಿ ಜಪಾನಿಯರ ವಿರುದ್ಧದ ರಂಗದ್ದು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ನನ್ನ ಮಟ್ಟಿಗೆ ಈ ಎರಡರ ನಡುವಿನ ವ್ಯತ್ಯಾಸ ಹುಟ್ಟುವುದು ನೆಲದಿಂದ. ಹಾಗಾಗಿ ಯಾವುದು ಉತ್ತಮ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಒಂದು ಭೂಪಟ ಮತ್ತು ಪೆನ್ಸಿಲ್ ತೆಗೆದುಕೊಂಡು ಕುಳಿತುಕೊಳ್ಳಿ.

ಮೊದಲು ಯುರೋಪ್. ಫ್ರಾನ್ಸಿನ ನಾರ್ಮಂಡಿಯಲ್ಲಿ ಒಂದು ಚುಕ್ಕೆ ಇಡಿ. ಅಲ್ಲಿಂದ ಕ್ಯಾರೆಂಟಾನ್, ಹಾಲೆಂಡಿನ ಐಂಡ್‌ಹೋವನ್, ಬೆಲ್ಜಿಯಮ್ಮಿನ ಬಾಸ್ಟೋನ್, ಫ್ರಾನ್ಸಿನ ಹಾಗೆನೌ, ಕೊನೆಗೆ ಜರ್ಮನಿಯ ಬೆರ್ಖ್ಟೆಸ್‌ಗಾಡೆನ್. ಗೆರೆ ಎಳೆದರೆ ಅದು ಡೊಂಕಾದರೂ ಪೂರ್ವಕ್ಕೆ ಸಾಗುತ್ತದೆ. ಊರುಗಳಿವೆ, ಚರ್ಚುಗಳಿವೆ, ಹೂವು ಹಿಡಿದು ಸ್ವಾಗತಿಸುವ ಜನರಿದ್ದಾರೆ. ಅಮೆರಿಕದ 101ನೆಯ ಏರ್‌ಬೋರ್ನ್ ಡಿವಿಷನ್ನಿನ ಈಸಿ ಕಂಪನಿ ಎಂಬ, ವಿಮಾನದಿಂದ ಪ್ಯಾರಾಚೂಟಿನಲ್ಲಿ ಹಾರಿ ಇಳಿಯುವ ಒಂದೇ ತುಕಡಿ ಆ ದಾರಿಯುದ್ದಕ್ಕೂ ನಡೆಯುತ್ತದೆ. ಮೊದಲ ಕಂತು ಬಹುಪಾಲು ಜಾರ್ಜಿಯಾದ ಟೊಕೋವಾ ಶಿಬಿರದ ತರಬೇತಿಗೆ ಮೀಸಲು. ಯುದ್ಧಕ್ಕೆ ಮೊದಲೇ ನಮಗೆ ಮುಖಗಳ ಪರಿಚಯವಾಗಿರುತ್ತದೆ.

ಈಗ ಪೆಸಿಫಿಕ್. ಗ್ವಾಡಲ್‌ಕೆನಾಲ್, ಕೇಪ್ ಗ್ಲಾಸ್ಟರ್, ಪವೂವು, ಪೆಲೆಲ್ಯು, ಐವೊ ಜಿಮಾ, ಓಕಿನಾವಾ. ಇಲ್ಲಿ ಗೆರೆ ಎಳೆಯಲಾಗದು, ಚುಕ್ಕೆಗಳನ್ನಷ್ಟೇ ಇಡಬಹುದು, ನಡುವೆ ನೀರು. ಗ್ವಾಡಲ್‌ಕೆನಾಲ್‌ನಿಂದ ಓಕಿನಾವಾಗೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಸೈನಿಕರು ಹಡಗಿನ ಹೊಟ್ಟೆಯಿಂದ ಇಳಿಯುತ್ತಾರೆ, ಹೆಸರು ಗೊತ್ತಿಲ್ಲದ ದ್ವೀಪದಲ್ಲಿ ಕಾದಾಡುತ್ತಾರೆ, ಉಳಿದವರು ಮತ್ತೆ ಹಡಗು ಹತ್ತುತ್ತಾರೆ. ಗೆದ್ದದ್ದು ಏನು ಎಂದು ಕೇಳಿದರೆ ತೋರಿಸಲು ಒಂದು ಊರೂ ಇರುವುದಿಲ್ಲ. ಕಥೆ ಚದುರಿದಂತೆ ಕಂಡರೆ ಆ ಯುದ್ಧವೇ ಚದುರಿತ್ತು ಎಂಬುದನ್ನು ಈ ಭೂಪಟ ತಿಳಿಸುತ್ತದೆ.

ಆದ್ದರಿಂದ ‘ದಿ ಪೆಸಿಫಿಕ್’ ನೋಡುವಾಗ ಒಂದು ಹಾಳೆಯಲ್ಲಿ ಮೂರು ಅಂಕಣ ಮಾಡಿಕೊಳ್ಳಿ: ರಾಬರ್ಟ್ ಲೆಕಿ, ಜಾನ್ ಬ್ಯಾಸಿಲೋನ್, ಯೂಜೀನ್ ಸ್ಲೆಡ್ಜ್. ಮೂವರೂ ಮರೀನರು, ಅಂದರೆ ಸಮುದ್ರದಿಂದ ದಡಕ್ಕೆ ಇಳಿದು ಕಾದುವ ಅಮೆರಿಕದ ಪಡೆಯವರು. 1ನೆಯ ಮರೀನ್ ಡಿವಿಷನ್ನಿನಲ್ಲಿ ಕಾದಿದವರಾದರೂ ಬೇರೆ ಬೇರೆ ರೆಜಿಮೆಂಟಿನವರು. ಬ್ಯಾಸಿಲೋನ್ ಗ್ವಾಡಲ್‌ಕೆನಾಲ್‌ನಲ್ಲಿ ಪದಕ ಗಳಿಸಿ, ಯುದ್ಧ ಬಾಂಡ್ ಮಾರಲು ಅಮೆರಿಕಕ್ಕೆ ಹೋಗಿ, ಐವೊ ಜಿಮಾದ ಮೊದಲ ದಿನವೇ ಸಾಯುತ್ತಾನೆ. ಲೆಕಿ ಪೆಲೆಲ್ಯುವಿನಲ್ಲಿ ಗಾಯಗೊಂಡು ಮರಳುತ್ತಾನೆ. ಸ್ಲೆಡ್ಜ್ ನಿಜವಾದ ಯುದ್ಧ ಕಾಣುವುದೇ ಐದನೆಯ ಕಂತಿನಲ್ಲಿ. ಯಾರು ಯಾವ ತಿಂಗಳು ಎಲ್ಲಿದ್ದರು ಎಂದು ಬರೆದಿಟ್ಟುಕೊಂಡರೆ ಗೊಂದಲ ತಾನಾಗಿ ಕರಗುತ್ತದೆ. ಪಕ್ಕದಲ್ಲೇ ಇಸವಿಗಳನ್ನೂ ಬರೆಯಿರಿ. ಮರೀನರು ಗ್ವಾಡಲ್‌ಕೆನಾಲ್‌ನಲ್ಲಿ ಇಳಿದದ್ದು 1942ರ ಆಗಸ್ಟ್ 7ರಂದು. ಈಸಿ ಕಂಪನಿ ನಾರ್ಮಂಡಿಯಲ್ಲಿ ಹಾರಿದ್ದು 1944ರ ಜೂನ್ 6ರಂದು. ಯುರೋಪಿನ ಕಥೆಯ ಮೊದಲ ಗುಂಡು ಹಾರುವ ಹೊತ್ತಿಗೆ ಪೆಸಿಫಿಕ್‌ನವರ ಯುದ್ಧಕ್ಕೆ 22 ತಿಂಗಳು ತುಂಬಿತ್ತು.

ಎರಡನ್ನೂ ಒಮ್ಮೆ ಪೂರ್ತಿ ನೋಡಿ ಮುಗಿಸಿದ ಮೇಲೆ ಜೋಡಿ ಕಟ್ಟಿ ನೋಡಿ. ಎರಡರಲ್ಲೂ ಆರನೆಯ ಕಂತಿನಿಂದ ಆರಂಭಿಸಿದರೆ ಒಳ್ಳೆಯದು. ಬಾಸ್ಟೋನಿನ ಕಂತು ವೈದ್ಯಕೀಯ ಸಹಾಯಕ ಯೂಜೀನ್ ರೋನ ಹಿಂದೆ ಹೋಗುತ್ತದೆ. ಹಿಮ, ಮಂಜು, ಮರದ ತುದಿಗಳಲ್ಲೇ ಸಿಡಿಯುವ ಶೆಲ್ಲುಗಳು, ಒಂದು ಕತ್ತರಿಗಾಗಿ, ಸ್ವಲ್ಪ ಮಾರ್ಫಿನ್‌ಗಾಗಿ ಗುಂಡಿಯಿಂದ ಗುಂಡಿಗೆ ಅವನ ಅಲೆದಾಟ. ಹೆಪ್ಪುಗಟ್ಟಿದ ನೆಲವನ್ನಾದರೂ ಅಗೆಯಬಹುದು. ಪೆಲೆಲ್ಯುವಿನಲ್ಲಿ ಅದೂ ಇಲ್ಲ, ಏಕೆಂದರೆ ಅಲ್ಲಿರುವುದು ಹವಳದ ಕಲ್ಲು. ಅಡಗಲು ಗುಂಡಿಯಿಲ್ಲ, 45 ಡಿಗ್ರಿ ಮುಟ್ಟುವ ಬಿಸಿಲು, ಸರಿಯಾಗಿ ತೊಳೆಯದ ಎಣ್ಣೆ ಡ್ರಮ್ಮುಗಳಲ್ಲಿ ಬಂದ ನೀರು ಕುಡಿದು ಜನ ವಾಂತಿ ಮಾಡಿಕೊಂಡರೆಂದು ಸ್ಲೆಡ್ಜ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಸುಮಾರು 13 ಚದರ ಕಿಲೋಮೀಟರಿನ ಆ ದ್ವೀಪ ಕೆಲವೇ ದಿನಗಳಲ್ಲಿ ಕೈಸೇರುತ್ತದೆ ಎಂದು ಸೇನಾಪತಿ ರುಪರ್ಟಸ್ ಹೇಳಿದ್ದ. ಹಿಡಿದದ್ದು ಎರಡು ತಿಂಗಳಿಗೂ ಹೆಚ್ಚು. 1ನೆಯ ಮರೀನ್ ಡಿವಿಷನ್ ಒಂದರಲ್ಲೇ ಸತ್ತವರು ಮತ್ತು ಗಾಯಗೊಂಡವರು ಆರು ಸಾವಿರಕ್ಕೂ ಮಿಕ್ಕಿದರು. ಧಾರಾವಾಹಿ ಈ ದ್ವೀಪಕ್ಕೆ ಮೂರು ಕಂತು ಕೊಟ್ಟದ್ದು ಸರಿಯಾಗಿಯೇ ಇದೆ.

ಕೇಪ್ ಗ್ಲಾಸ್ಟರ್‌ನ ಮಳೆಯ ಕಂತನ್ನು ಹೆಚ್ಚಿನವರು ನೀರಸವೆಂದು ದಾಟಿಸುತ್ತಾರೆ. ದಯವಿಟ್ಟು ದಾಟಿಸಬೇಡಿ. ಆಗುಂಬೆಯ ಕಡೆ ಬೆಳೆದವರಿಗೆ ಒದ್ದೆ ಬಟ್ಟೆ ವಾರಗಟ್ಟಲೆ ಒಣಗದಿದ್ದರೆ ಮನಸ್ಸು ಏನಾಗುತ್ತದೆ ಎಂಬುದು ಗೊತ್ತು. ಅದರ ಮೇಲೆ ಮಲೇರಿಯ, ಆಮಶಂಕೆ, ಶತ್ರು ಎಲ್ಲಿದ್ದಾನೆಂದು ತಿಳಿಯದ ಕಾಡು. ಯುರೋಪಿನ ಧಾರಾವಾಹಿಯಲ್ಲಿ ಇದಕ್ಕೆ ಸಾಟಿಯಾದ ಕಂತಿಲ್ಲ.

ಮುಂದಿನ ಜೋಡಿ ಎರಡನೆಯ ಕಂತುಗಳದ್ದು. ನಾರ್ಮಂಡಿಯ ಬ್ರೆಕೂರ್ ಮ್ಯಾನರ್‌ನಲ್ಲಿ ಈಸಿ ಕಂಪನಿಯ ಅಧಿಕಾರಿ ವಿಂಟರ್ಸ್ ಹಗಲಿನಲ್ಲಿ ಫಿರಂಗಿಗಳನ್ನು ಒಂದೊಂದಾಗಿ ಹಿಡಿಯುವುದನ್ನು ನೋಡಿದ ಮೇಲೆ ನೀವೇ ನಕ್ಷೆ ಬರೆಯಬಲ್ಲಿರಿ. ಬ್ಯಾಸಿಲೋನ್‌ನ ರಾತ್ರಿಯ ಕಾಳಗದ ನಕ್ಷೆ ಬರೆಯಲು ಪ್ರಯತ್ನಿಸಿ, ಆಗುವುದಿಲ್ಲ.

ಶತ್ರುವಿಗೆ ಮಾತಿದೆಯೇ ಎಂದು ಎರಡರಲ್ಲೂ ಗಮನಿಸಿ. ಯುರೋಪಿನ ಕೊನೆಯ ಕಂತಿನಲ್ಲಿ ಸೋತ ಜರ್ಮನ್ ಸೇನಾಪತಿಯೊಬ್ಬ ತನ್ನವರಿಗೆ ಹೇಳುವ ಮಾತನ್ನು ಅಮೆರಿಕದ ಸೈನಿಕ ಅನುವಾದಿಸುತ್ತಾನೆ. ಅದು ಇವರ ಮಾತೂ ಆಗಿಬಿಡುತ್ತದೆ. ಜಪಾನಿಯರಿಗೆ ಅಂಥ ಅವಕಾಶ ಸಿಗುವುದೇ ಇಲ್ಲ. ಸತ್ತವರ ಬಾಯಿಂದ ಚಿನ್ನದ ಹಲ್ಲು ಕೀಳುವಷ್ಟು ದೂರ ದ್ವೇಷ ಹೋಗಿತ್ತು ಎಂಬುದನ್ನು ಧಾರಾವಾಹಿ ಮುಚ್ಚಿಡದಿರುವುದು ಅದರ ದೊಡ್ಡ ಪ್ರಾಮಾಣಿಕತೆ. ಆದರೆ ಆಚೆ ಬದಿಯವರ ಬದುಕು ಕಾಣದಿರುವುದು ಕೊರತೆಯೇ.

ಈ ಎರಡನ್ನು ನೋಡಿದ ಮಾತ್ರಕ್ಕೆ ಆ ಮಹಾಯುದ್ಧ ಪೂರ್ತಿ ಕಂಡಿತೆಂದು ತಿಳಿಯಬಾರದು. ಸೋವಿಯತ್ ರಂಗ ಇಲ್ಲಿಲ್ಲ, ಚೀನಾ ಇಲ್ಲ, ಭಾರತೀಯ ಸೈನಿಕರು ಕಾದಿದ ಇಂಫಾಲ, ಕೊಹಿಮಾ ಇಲ್ಲ. ಕೊಡಗಿನ ತಿಮ್ಮಯ್ಯನವರು ಪಡೆ ನಡೆಸಿದ ಬರ್ಮಾದ ಅರಾಕಾನ್ ಕೂಡ ಜಪಾನಿಯರ ವಿರುದ್ಧದ್ದೇ ರಂಗ. ನಿಮ್ಮ ಭೂಪಟದಲ್ಲಿ ಅವನ್ನೂ ಗುರುತಿಸಿಡಿ.

ಒಂಬತ್ತನೆಯ ಕಂತುಗಳನ್ನು ಕೊನೆಗೆ ಉಳಿಸಿಕೊಳ್ಳಿ, ಒಂದೇ ದಿನ ನೋಡಿ. ಯುರೋಪಿನಲ್ಲಿ ಈಸಿ ಕಂಪನಿ ಲ್ಯಾಂಡ್ಸ್‌ಬರ್ಗ್ ಬಳಿ ಯಹೂದಿಗಳನ್ನು ಕೂಡಿಹಾಕಿದ್ದ ನಾಜಿಗಳ ಯಾತನಾ ಶಿಬಿರಕ್ಕೆ ಬರುತ್ತದೆ. ಇಷ್ಟು ದಿನ ಏಕೆ ಕಾದಿದೆವು ಎಂಬುದಕ್ಕೆ ಅಲ್ಲಿ ಉತ್ತರ ಸಿಗುತ್ತದೆ. ಓಕಿನಾವಾದಲ್ಲಿ ಜನಸಾಮಾನ್ಯರು ಎರಡೂ ಸೇನೆಗಳ ನಡುವೆ ಸಾಯುತ್ತಾರೆ, ಉತ್ತರ ಸಿಗುವುದಿಲ್ಲ. ಅಲ್ಲಿ ಸ್ಲೆಡ್ಜ್ ಗುಡಿಸಲಿನಲ್ಲಿ ಸಾಯುತ್ತಿರುವ ಹೆಂಗಸನ್ನು ಅಪ್ಪಿ ಕುಳಿತುಕೊಳ್ಳುತ್ತಾನೆ. ಅವನ ಪುಸ್ತಕದಲ್ಲಿ ಹಾಗಿಲ್ಲ. ಅವನು ವೈದ್ಯಕೀಯ ಸಹಾಯಕನನ್ನು ಕರೆತರಲು ಹೋದಾಗ ಇನ್ನೊಬ್ಬ ಮರೀನ್ ಆಕೆಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ‘ಬ್ಯಾಂಡ್ ಆಫ್ ಬ್ರದರ್ಸ್’ನಲ್ಲೂ ಇಂಥ ಜಾಗಗಳಿವೆ: ಈಸಿ ಕಂಪನಿಯ ಸೈನಿಕ ಆಲ್ಬರ್ಟ್ ಬ್ಲೈಥ್ 1948ರಲ್ಲಿ ತೀರಿಕೊಂಡನೆಂದು ಪರದೆಯ ಮೇಲೆ ಬರುತ್ತದೆ, ಆತ 1967ರವರೆಗೆ ಬದುಕಿದ್ದ. ಆದ್ದರಿಂದ ಓಕಿನಾವಾದ ಕಂತಿಗೆ ಮೊದಲು 1981ರಲ್ಲಿ ಪ್ರಕಟವಾದ ಸ್ಲೆಡ್ಜ್‌ನ ಪುಸ್ತಕದ ಎರಡನೆಯ ಭಾಗವನ್ನು ಓದಿಕೊಳ್ಳಿ. ಆಮೇಲೆ ಆ ಗುಡಿಸಲಿನ ದೃಶ್ಯವನ್ನು ನೋಡಿ, ನಿರ್ದೇಶಕರು ಏಕೆ ಬದಲಿಸಿದರು ಎಂದು ನಿಮ್ಮ ಹಾಳೆಯಲ್ಲಿ ಬರೆಯಿರಿ.