ಕೊಪ್ಪಳದ ಪಿನ್ ಕೋಡ್ ಒಡದು ನೋಡೋದು ಹೆಂಗ?

ಮೊನ್ನೆ ಮನಿಗೆ ಒಂದು ಪಾರ್ಸಲ್ ಬಂತು, ಕವರ್ ಮ್ಯಾಲ ದಪ್ಪ ಅಕ್ಷರದಾಗ 583231 ಅಂತ ನಮ್ಮ ಕೊಪ್ಪಳದ ಪಿನ್ ಕೋಡ್ ಇತ್ತು, ಏಳನೇ ಕ್ಲಾಸಿನ ಮಗಳು ಅದನ್ನ ನೋಡಿ "ಅಪ್ಪಾ, ಇದು ಯಾವ ಮಗ್ಗಿಯೊಳಗ ಬರ್ತೈತಿ?" ಅಂದ್ಲು. ಮೊಬೈಲ್ ಬದಿಗಿಟ್ಟು ಅದ ಕವರಿನ ಹಿಂದ ಪೆನ್ಸಿಲ್ ಹಿಡಕೊಂಡು ಇಬ್ರೂ ಕುಂತ್ವಿ. ಆರಂಕಿ ಸಂಖ್ಯೆ ಅಂದ್ರ ಹುಡುಗ್ರು ಹೆದರ್ತಾರ, ಆದ್ರ ಕೈಲೆಕ್ಕದಾಗ ಇದು ಪೂರ್ತಿ ಬಿಚ್ಚತೈತಿ, ನೀವೂ ಮಾಡಿ ನೋಡ್ರಿ.

ಮೊದ್ಲು ಸಣ್ಣವು ಮುಗಿಸ್ರಿ. ಕೊನಿ ಅಂಕಿ 1, ಹಂಗಾಗಿ 2 ಮತ್ತ 5 ಹೋಗಂಗಿಲ್ಲ. ಅಂಕಿ ಎಲ್ಲಾ ಕೂಡ್ಸಿದ್ರ 22, ಅಂದ್ರ 3ನೂ ಇಲ್ಲ.

ಈಗ ಸಂಖ್ಯೆನ ನಡುವ ಕತ್ತರಿಸ್ರಿ: 583, 231. ಪಿನ್ ಕೋಡ್ 1972ರ ಆಗಸ್ಟ್ 15ಕ್ಕ ಶುರುವಾದದ್ದು, ಅದರಾಗೂ ಮೊದಲ ಮೂರಂಕಿ ಟಪಾಲು ಸಾರ್ಟಿಂಗ್ ಮಾಡೋ ಜಿಲ್ಲೆದು, ಕೊನಿ ಮೂರು ಹಂಚೋ ಪೋಸ್ಟಾಫೀಸಿಂದು, ಅದಕ್ಕ ಬಳ್ಳಾರಿಗೂ ನಮಗೂ ಮೊದಲಿಗೆ 583 ಬರ್ತೈತಿ.

ಎರಡೂ ತುಂಡು ಕೂಡ್ಸ್ರಿ, 814. ಇದು 37×22, ಅಂದ್ರ ಪೂರ್ತಿ ಸಂಖ್ಯೆಗೂ 37 ಹೋಗ್ತೈತಿ! ಯಾಕಂದ್ರ 583 ಸಾವಿರ ಅಂದ್ರ 583 ಸಲ 999, ಅದರ ಮ್ಯಾಲ ಇನ್ನೊಂದು 583. ಆ 999 ಅಂದ್ರ 27×37, ಅದು ಹೆಂಗೂ 37ರ ಮಗ್ಗಿಯೊಳಗಿಂದ, ಹಂಗಾಗಿ ನಾವು ನೋಡಬೇಕಾದ್ದು ಉಳಿದ 583+231 ಅಷ್ಟ. ಇದು ತಿಳಿದಾಗ ಮಗಳ ಮುಖ ಅರಳಿದ್ದು ನೋಡಬೇಕಿತ್ರಿ.

ಇನ್ನ ಕಳೀರಿ. 583−231 = 352. ಇಲ್ಲಿ ಕೆಲಸ ಮಾಡೋದು 1001: 583 ಸಾವಿರ ಅಂದ್ರ 583 ಸಲ 1001, ಅದರಾಗ ಒಂದು 583 ಕಮ್ಮಿ. ಆ 1001 ಅಂದ್ರ 7×11×13, ಒಂದ ಕಳಿಯೋದ್ರಾಗ ಮೂರು ಸಂಖ್ಯೆದು ಪರೀಕ್ಷೆ ಮುಗಿತೈತಿ. 352ನ್ನ 7ರಿಂದ ಭಾಗಿಸಿದ್ರ 2 ಉಳಿತೈತಿ, 13ರಿಂದ 1 ಉಳಿತೈತಿ, 11×32 ಮಾತ್ರ ಸರಿಯಾಗಿ 352.

583231ನ್ನ 11ರಿಂದ ಭಾಗಿಸಿದ್ರ 53021, ಅದನ್ನ 37ರಿಂದ ಭಾಗಿಸಿದ್ರ 1433. ಇಲ್ಲೇ ಭಾಳ ಹುಡುಗ್ರು ತಪ್ಪತಾರ, 11 ಒಮ್ಮೆ ಹೋತು ಮುಗೀತು ಅಂತ ಬಿಡ್ತಾರ, ಹಂಗಲ್ಲ, ಅದ ಸಂಖ್ಯೆ ಎರಡನೇ ಸಲನೂ ಹೋಗಬಹುದು, ಮತ್ತ ನೋಡಬೇಕು. 38×38 = 1444, ಹಂಗಾಗಿ 37ರ ತನಕ ನೋಡಿದ್ರ ಸಾಕು, 2, 3, 5, 7, 13 ಮೊದ್ಲ ಹೋಗಿಲ್ಲ, ಉಳಿದದ್ದು: 11, 17, 19, 23, 29, 31, 37. ಒಂದೂ ಹೋಗಂಗಿಲ್ಲ, ಅಂದ್ರ 1433 ಅವಿಭಾಜ್ಯ ಸಂಖ್ಯೆ.

583231 = 11×37×1433. ಮೂರು ಬ್ಯಾರೆ ಬ್ಯಾರೆ ಅವಿಭಾಜ್ಯ, ಪ್ರತಿಯೊಂದನ್ನೂ ತಗೋಬಹುದು ಇಲ್ಲಾ ಬಿಡಬಹುದು, ಅದಕ್ಕ ಭಾಜಕಗಳು 2×2×2, ಒಟ್ಟು ಎಂಟು: 1, 11, 37, 407, 1433, 15763, 53021, ಮತ್ತ ಅದ ಸಂಖ್ಯೆ.

ಬಳ್ಳಾರಿಯವ್ರು 583101 ತಗೋರಿ, ಅಂಕಿ ಕೂಡ್ಸಿದ್ರ 18, ಕೂಡ್ಲೆ 9 ಹೋಗ್ತೈತಿ, ಉಳಿದದ್ದು 67×967. ರಾಯಚೂರಿನ 584101 ಸ್ವಲ್ಪ ಗಟ್ಟಿ: 584−101 = 483, ಅದು 7×69, ಹಂಗಾಗಿ 7 ಹೋಗಿ 83443 ಉಳಿತೈತಿ. ಇದು ಮುಂದ ಒಡಿಯಂಗಿಲ್ಲ, ಆದ್ರ ಖಾತ್ರಿ ಮಾಡ್ಕೊಳ್ಳಾಕ 283ರ ತನಕ ಇರೋ 61 ಅವಿಭಾಜ್ಯ ಸಂಖ್ಯೆನೂ ನೋಡಬೇಕು, ಕವರಿನ ಹಿಂದ ಜಾಗ ಸಾಲದ ನಾವು ಕ್ಯಾಲೆಂಡರಿನ ಹಾಳಿ ಹರಕೊಂಡ್ವಿ.