ಬಿಸಿಲಿಗೆ ಸೋತ ಕುರಿಗೆ ನೀರು ಬೆನ್ನ ಮೇಲಲ್ಲ, ಹೊಟ್ಟೆಯ ಕೆಳಗೆ ಹಾಕಿ

ದಖನಿ ಕುರಿ ಸಾಕಿದವರಿಗೆ ಒಂದು ಮಾತು. ಮಧ್ಯಾಹ್ನದ ಬಿಸಿಲಿಗೆ ಕುರಿ ತೇಕುತ್ತಿದ್ದರೆ ಬೆನ್ನ ಮೇಲೆ ನೀರು ಸುರಿಯಬೇಡಿ. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಕಂಕುಳು ಇಷ್ಟನ್ನೇ ಚೆನ್ನಾಗಿ ತೋಯಿಸಿ. ಬೆನ್ನಿನ ಉಣ್ಣೆ ನೀರು ಹಿಡಿದುಕೊಂಡರೆ ಗಾಳಿ ಚರ್ಮಕ್ಕೆ ತಾಗುವುದಿಲ್ಲ, ಒಳಗಿನ ಕಾವು ಅಲ್ಲೇ ಉಳಿಯುತ್ತದೆ. ಹೊಟ್ಟೆಯ ಕಡೆ ಉಣ್ಣೆ ಕಮ್ಮಿ, ನೀರು ನೇರ ಚರ್ಮ ಮುಟ್ಟಿ ಆರುವಾಗ ಕಾವನ್ನು ಎಳೆದುಕೊಂಡು ಹೋಗುತ್ತದೆ. ಹೊರದೇಶದಲ್ಲಿ ಅಲ್ಪಾಕಾ (ಉಣ್ಣೆಗಾಗಿ ಸಾಕುವ, ಒಂಟೆ ಜಾತಿಯ ಪ್ರಾಣಿ) ಸಾಕುವವರೂ ಮಾಡುವುದು ಇದನ್ನೇ. ಮಣ್ಣಿನ ನೆಲದ ಮೇಲೆ ಬೇಡ, ಕೆಸರಾಗಿ ಗೊರಸು ಕೊಳೆಯುತ್ತದೆ. ನೆರಳಲ್ಲಿ ನಾಲ್ಕು ಶಹಾಬಾದ್ ಕಲ್ಲು ಹಾಸಿಕೊಳ್ಳಿ. ನಮ್ಮ ಕಲಬುರಗಿ, ಯಾದಗಿರಿ ಕಡೆ ಏಪ್ರಿಲ್, ಮೇ ಒಣ ಬಿಸಿಲು, ಅದಕ್ಕೇ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಬಂದು ಸೆಕೆ ಹಿಡಿದ ಮೇಲೆ, ಗಾಳಿ ಆಡದ ತಗಡಿನ ಶೆಡ್ಡಿನಲ್ಲಿ ಅಷ್ಟು ಉಪಯೋಗವಿಲ್ಲ, ನೀರು ಆರಬೇಕಲ್ವಾ? ಬಾಯಿ ತೆರೆದು ನಾಲಿಗೆ ಹೊರಹಾಕಿದ್ದರೆ, ತೂರಾಡುತ್ತಿದ್ದರೆ, ಥರ್ಮಾಮೀಟರ್‌ನಲ್ಲಿ ಕುರಿಯ ಮೈಕಾವು 41 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ನೀರು ಹಾಕುತ್ತಲೇ ಪಶು ವೈದ್ಯರಿಗೆ ಫೋನ್ ಮಾಡಿ.