ಟ್ರೋಮ್ಸೊದಿಂದ ಲಾಂಗಿಯರ್‌ಬೈನ್: ದೂರ ಎಷ್ಟು, ಹೊತ್ತು ಎಷ್ಟು

ಉತ್ತರ ಧ್ರುವ ಪ್ರದೇಶದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ಗೆ ಉಪಕರಣ ಕಟ್ಟಿಕೊಂಡು ಹೊರಟಾಗಲೆಲ್ಲ ಪ್ರಯಾಣದ ಲೆಕ್ಕ ನಾನೇ ಹಾಕುತ್ತೇನೆ. 2008ರಲ್ಲಿ ಶುರುವಾದ ಈ ಕೇಂದ್ರ ಇರುವುದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ನೀ-ಓಲೆಸುಂಡ್ ಎಂಬ ಪುಟ್ಟ ಊರಲ್ಲಿ. ದಾರಿ ಹೀಗೆ: ಓಸ್ಲೊ, ಉತ್ತರ ನಾರ್ವೆಯ ಟ್ರೋಮ್ಸೊ, ಸ್ವಾಲ್‌ಬಾರ್ಡ್‌ನ ಮುಖ್ಯ ಊರು ಲಾಂಗಿಯರ್‌ಬೈನ್, ಅಲ್ಲಿಂದ ಮುಂದೆ ಸಣ್ಣ ವಿಮಾನ.

ಟ್ರೋಮ್ಸೊದಿಂದ ಲಾಂಗಿಯರ್‌ಬೈನ್ ದೂರ ಅಳೆಯಲು ಶಾಲೆಯ ಗೋಡೆಯ ಮರ್ಕೇಟರ್ ನಕ್ಷೆಯನ್ನು (ದುಂಡು ಭೂಮಿಯನ್ನು ಚಪ್ಪಟೆ ಆಯತವಾಗಿ ಹರಡಿ ತೋರಿಸುವ ನಕ್ಷೆ) ನಂಬಬೇಡಿ. 70 ಡಿಗ್ರಿ ಅಕ್ಷಾಂಶದ ಬಳಿ ಅದು ನೆಲವನ್ನು ಸುಮಾರು ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತದೆ, 78ರ ಬಳಿ ಹೆಚ್ಚುಕಡಿಮೆ ಐದು ಪಟ್ಟು. ನಾನು ಅಕ್ಷಾಂಶ ಹಿಡಿದು ಕೂಡುತ್ತೇನೆ. ಟ್ರೋಮ್ಸೊ ವಿಮಾನ ನಿಲ್ದಾಣ 69.68 ಡಿಗ್ರಿ, ಲಾಂಗಿಯರ್‌ಬೈನ್ 78.25. ಅಂತರ 8.57. ಡಿಗ್ರಿಗೆ 60 ನಾಟಿಕಲ್ ಮೈಲಿಯಂತೆ (ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ.) 514 ಆಯಿತು. ರೇಖಾಂಶದಲ್ಲಿ ಮೂರೂವರೆ ಡಿಗ್ರಿ ವ್ಯತ್ಯಾಸವಿದೆ, ಆದರೆ ಅಷ್ಟು ಮೇಲೆ ರೇಖಾಂಶಗಳು ಒತ್ತೊತ್ತಾಗಿ ಬಂದಿರುವುದರಿಂದ ಅದನ್ನು ಸೇರಿಸಿದರೂ ಮೂರ್ನಾಲ್ಕು ಮೈಲಿಯಷ್ಟೇ ಏರುತ್ತದೆ. ಒಟ್ಟು ಸುಮಾರು 960 ಕಿ.ಮೀ. ಬೆಂಗಳೂರು–ಮುಂಬೈ ವಿಮಾನ ಹಾದಿಯ ದೂರಕ್ಕಿಂತ ತುಸು ಹೆಚ್ಚು, ಅಷ್ಟೆ!

ಇನ್ನು ಹೊತ್ತು. ಜೆಟ್ ವಿಮಾನಕ್ಕೆ ಗಂಟೆಗೆ 450 ನಾಟಿಕಲ್ ಮೈಲಿ ವೇಗ ಹಿಡಿದರೆ ಒಂದು ಗಂಟೆ ಹತ್ತು ನಿಮಿಷ. ಏರಲು, ಇಳಿಯಲು, ರನ್‌ವೇವರೆಗಿನ ಓಡಾಟಕ್ಕೆ ಇನ್ನೊಂದು 25 ನಿಮಿಷ ಕೂಡಿ. ವೇಳಾಪಟ್ಟಿಯಲ್ಲಿ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ.

ನಮ್ಮವರು ಎಡವುವುದು ವೀಸಾದಲ್ಲಿ. ಸ್ವಾಲ್‌ಬಾರ್ಡ್ ನಾರ್ವೆಯದೇ ಆದರೂ ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದ ಹೊರಗಿದೆ. ಅಲ್ಲಿಗೆ ಹೋಗಿ ನಾರ್ವೆಯ ಮುಖ್ಯಭೂಮಿಗೆ ವಾಪಸಾದರೆ ಎರಡನೇ ಸಲ ಷೆಂಗೆನ್ ಪ್ರವೇಶಿಸಿದ ಲೆಕ್ಕ. ಹಾಗಾಗಿ ಒಂದೇ ಪ್ರವೇಶದ ವೀಸಾ ಸಾಲದು. ಮುಖ್ಯಭೂಮಿ ಬಿಡುವ ಮುನ್ನ ಪಾಸ್‌ಪೋರ್ಟ್ ತಪಾಸಣೆಯೂ ಇರುತ್ತದೆ, ಟ್ರೋಮ್ಸೊದಲ್ಲಿ ವಿಮಾನ ಬದಲಿಸುವವರು ಅದಕ್ಕೂ ಸಮಯ ಬಿಟ್ಟುಕೊಳ್ಳಬೇಕು.

ಕೊನೆಯ ತುಣುಕು ಲಾಂಗಿಯರ್‌ಬೈನ್‌ನಿಂದ ನೀ-ಓಲೆಸುಂಡ್, ಸುಮಾರು 110 ಕಿ.ಮೀ. ಡಾರ್ನಿಯರ್ 228 ವಿಮಾನಕ್ಕೆ ಅರ್ಧ ಗಂಟೆಯೂ ಬೇಡ. ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವುದೂ ಇದೇ ಮಾದರಿ. ಅದನ್ನು ಅಲ್ಲಿ ಕಂಡಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಸೀಟು ಕೆಲವೇ ಇರುವುದರಿಂದ ಸಾಮಾನನ್ನು ಕಟ್ಟುನಿಟ್ಟಾಗಿ ತೂಗುತ್ತಾರೆ. ಭಾರದ ಪೆಟ್ಟಿಗೆಗಳನ್ನು ಬಹಳ ಮೊದಲೇ ಹಡಗಿಗೆ ಹಾಕಿಸಿ, ಸೆನ್ಸರ್ ಮತ್ತು ಹಾರ್ಡ್ ಡಿಸ್ಕ್ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇನೆ.

ಇಡೀ ದಾರಿಯಲ್ಲಿ ಅತಿ ಕಡಿಮೆ ದೂರದ ಈ ತುಣುಕಿಗೇ ನಾನು ಅತಿ ಹೆಚ್ಚು ಬಿಡುವು ಇಡುವುದು. ಕೆಳಗೆ ಜಲ್ಲಿ ಹಾಸಿದ ಚಿಕ್ಕ ರನ್‌ವೇ, ಪಕ್ಕದಲ್ಲೇ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ತೋಳು. ಮಂಜು ಕವಿದರೆ ವಿಮಾನ ಏಳುವುದಿಲ್ಲ, ಮುಂದಿನದು ಅದೇ ದಿನ ಸಿಗುತ್ತದೆ ಎನ್ನುವಂತಿಲ್ಲ. ವಾಪಸು ಬರುವಾಗಲೂ ಅಷ್ಟೆ: ಲಾಂಗಿಯರ್‌ಬೈನ್‌ನಲ್ಲಿ ಒಂದು ರಾತ್ರಿಯಾದರೂ ಉಳಿಯುವಂತೆ ನೋಡಿಕೊಂಡೇ ಓಸ್ಲೊ ಟಿಕೆಟ್ ತೆಗೆಯುತ್ತೇನೆ.

ನೀ-ಓಲೆಸುಂಡ್‌ನಲ್ಲಿ ವಿಮಾನ ಇಳಿದ ಮೇಲೂ ಫೋನಿನ ಫ್ಲೈಟ್ ಮೋಡ್ ತೆಗೆಯಬೇಡಿ. ಅಲ್ಲಿನ ರೇಡಿಯೊ ಆಂಟೆನಾಗಳು ಬಾಹ್ಯಾಕಾಶದಿಂದ ಬರುವ ತೀರಾ ಕ್ಷೀಣ ಸಂಕೇತಗಳನ್ನು ಹಿಡಿಯುವುದರಿಂದ ಊರಿಡೀ ವೈಫೈ, ಬ್ಲೂಟೂತ್ ನಿಷಿದ್ಧ. ತಲುಪಿದೆ ಅಂತ ಮನೆಗೆ ತಿಳಿಸುವ ಮೆಸೇಜನ್ನು ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿಯೇ ಕಳಿಸಬೇಕು.